ಕಲ್ಲು, ಕಾಲು, ಕಬ್ಬುನ: ಬೆಟ್ಟಸೀಮೆಯ ಹಳೆಯ ಕಲ್ಲುಗಣಿಗಳನ್ನು ಹೆಸರಿನಿಂದ ಹುಡುಕುವುದು



ನಾವು ಕುಳಿತಿರುವ ಈ ಊರಿನ ಹೆಸರಿನಲ್ಲೇ ಒಂದು ಒಡೆದ ಕಲ್ಲಿದೆ. ಹೇಮಾವತಿಯ ದಡದಲ್ಲಿ ಹೊಯ್ಸಳರ ಕಾಲಕ್ಕೆ ಸಿಕ್ಕ ಶಿವಲಿಂಗ ತುಸು ಭಿನ್ನವಾಗಿತ್ತಂತೆ. ಶಕಲ ಎಂದರೆ ಚೂರು, ತುಂಡು. ಶಕಲೇಶ್ವರ ಜನರ ಬಾಯಲ್ಲಿ ಸಕಲೇಶ್ವರನಾದ, ಊರು ಸಕಲೇಶಪುರವಾಯಿತು. ಇದು ಸ್ಥಳಪುರಾಣ, ಶಾಸನದ ಮಾತಲ್ಲ. ಆದರೂ ಈ ಕಥೆ ಚಿಕ್ಕಂದಿನಿಂದ ನನ್ನ ಮನಸ್ಸಿನಲ್ಲಿ ಕೂತಿದೆ. ಚೂರು ಇದೆ ಎಂದಮೇಲೆ ಆ ಚೂರು ಯಾವ ಬಂಡೆಯದು? ಆ ಬಂಡೆ ಎಲ್ಲಿದೆ? ಅದನ್ನು ಎಬ್ಬಿಸಿದವರು ಯಾರು?

ನಾನು ವೃತ್ತಿಯಿಂದ ಭೂಮಾಪಕ. ಮೂವತ್ತು ವರ್ಷ ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಗಳಲ್ಲಿ ಸರಪಳಿ ಎಳೆದಿದ್ದೇನೆ. ನಮ್ಮ ಸರಪಳಿ 33 ಅಡಿಯದು, ಅದರಲ್ಲಿ 16 ಆಣೆ. ಸರಪಳಿಗೆ ಸರಪಳಿ ಚದರವಾದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಎಕರೆ. ಈ ಲೆಕ್ಕ ಹಾಕುತ್ತಾ ಹಾಕುತ್ತಾ ನನಗೆ ನೆಲಕ್ಕಿಂತ ನೆಲದ ಹೆಸರುಗಳ ಹುಚ್ಚು ಹೆಚ್ಚಾಯಿತು. ಇವತ್ತಿನ ಮಾತು ಆ ಹುಚ್ಚಿನದು: ನಕ್ಷೆಯನ್ನೂ ಊರು-ಗದ್ದೆ-ಹಳ್ಳಗಳ ಹೆಸರನ್ನೂ ಕೈಯಲ್ಲಿ ಹಿಡಿದು, ಕಾಡು ನುಂಗಿದ ಹಳೆಯ ಕಲ್ಲುಗಣಿಗಳನ್ನು ಹುಡುಕಬಹುದೇ ಎಂಬುದು.

ಹೀಗೆ ಹುಡುಕುವವರು ಬೇರೆ ನಾಡಿನಲ್ಲೂ ಇದ್ದಾರೆ. ಬ್ರಿಟನ್ನಿನ ವೇಲ್ಸ್ ಎಂಬ ಬೆಟ್ಟನಾಡಿನ ವಾಯವ್ಯ ಭಾಗ ಹೆಂಚಿನಂತೆ ಪದರಪದರವಾಗಿ ಏಳುವ ಸ್ಲೇಟು ಕಲ್ಲಿಗೆ ಹೆಸರಾದದ್ದು. ಅಲ್ಲಿನ ಸ್ಲೇಟು ಗಣಿಗಳ ಸೀಮೆಗೆ 2021ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮನ್ನಣೆ ಕೊಟ್ಟಿತು. ಎರಡು ವರ್ಷದ ನಂತರ, 2023ರಲ್ಲಿ, ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೂ ಅದೇ ಮನ್ನಣೆ ಬಂತು. ವ್ಯತ್ಯಾಸ ನೋಡಿ: ಅವರು ಕಲ್ಲು ತೆಗೆದ ಗುಂಡಿಗೂ ಮರ್ಯಾದೆ ಕೊಟ್ಟರು, ನಾವು ಕಲ್ಲು ನಿಂತ ಗುಡಿಗೆ ಮಾತ್ರ ಕೊಟ್ಟೆವು. ವೆಲ್ಶ್ ಭಾಷೆಯಲ್ಲಿ ಗಣಿಗೆ ಖ್ವಾರೆಲ್ ಎನ್ನುತ್ತಾರೆ, ಸ್ಲೇಟಿಗೆ ಲೆಖ್ ಎಂಬಂಥ ಒಂದು ಮಾತಿದೆ. ಅದರ ಮೊದಲ ಅಕ್ಷರದ ಸದ್ದು ನಮ್ಮ ಲಿಪಿಗೆ ಸಿಗುವುದಲ್ಲ. ಹಳೆಯ ನಕ್ಷೆಯಲ್ಲಿ ಈ ಮಾತುಗಳು ಕಂಡ ಕಡೆ ಹೋಗಿ ಹುಡುಕುವುದು ಅಲ್ಲಿನವರ ರೂಢಿ. ಆದರೆ ಅಲ್ಲೊಂದು ಗುಂಡಿ ಇದೆ, ಕಾಲಿಡುವವರು ನೋಡಿಕೊಳ್ಳಬೇಕು. ಲೆಖ್ವೆದ್ ಎಂಬ ಪ್ರಸಿದ್ಧ ಸ್ಲೇಟು ಗಣಿಯ ಹೆಸರಿನ ಮೊದಲಲ್ಲಿ ಲೆಖ್ ಕೇಳಿಸುತ್ತದೆ, ಆದರೆ ಆ ಇಡೀ ಪದದ ಅರ್ಥ ಬರೀ 'ಬೆಟ್ಟದ ಇಳಿಜಾರು'. ಗಣಿ ಇರುವುದು ನಿಜ. ಹೆಸರು ಅದನ್ನು ಹೇಳುತ್ತಿಲ್ಲ.

ನಮ್ಮಲ್ಲಿ ಇಂಥ ಗುಂಡಿಗಳು ಇನ್ನೂ ಹೆಚ್ಚು.

ಸರ್ವೆ ಆಫ್ ಇಂಡಿಯಾದ ಟೋಪೋಶೀಟು 48 ಪಿ/13 ಅನ್ನು ಬಿಡಿಸಿಕೊಳ್ಳಿ. ಪಶ್ಚಿಮದ ಅಂಚಿನ ಹತ್ತಿರ ಸಕಲೇಶಪುರ ಮತ್ತು ಮಂಜರಾಬಾದ್ ಕೋಟೆ, ಪೂರ್ವದ ಅಂಚಿಗೆ ತಾಗಿದಂತೆ ಆಲೂರು. ಒಂದೇ ಹಾಳೆಯಲ್ಲಿ ನಮ್ಮ ಲೋಕದ ಬಹುಪಾಲು. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು, 20 ಮೀಟರಿಗೊಂದು ಎತ್ತರದ ಗೆರೆ. ಬಿಸಿಲೆ ಕಡೆ ಹೋಗಬೇಕಾದರೆ 48 ಪಿ/10 ಬೇಕು. ಆ ಹಾಳೆಗಳ ಮೇಲೆ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿವೆ. ತೊಂದರೆ ಹುಟ್ಟುವುದು ಅಲ್ಲೇ. ಇಂಗ್ಲಿಷ್ ಅಕ್ಷರಕ್ಕೆ ನಮ್ಮ ಲ-ಳ ಒಂದೇ, ನ-ಣ ಒಂದೇ, ಅ-ಆ ಒಂದೇ. ಕಲ್ ಎಂದು ಬರೆದದ್ದು ಕಲ್ಲಿರಬಹುದು. ಕಾಲ್, ಅಂದರೆ ನೀರಿನ ಕಾಲುವೆ ಇರಬಹುದು. ಕಳ್ಳು ಇಳಿಸುವ ಬೈನೆಮರದ ಜಾಗವಿರಬಹುದು. ಹಲ್ ಎಂದದ್ದು ಹಳ್ಳವೋ ಹಾಲೋ ಹಲ್ಲೋ ನಕ್ಷೆಗೆ ಗೊತ್ತಿಲ್ಲ. ಹೆಸರು ಕನ್ನಡದ ಬಾಯಿಂದ ಇಂಗ್ಲಿಷಿನ ಕೈಗೆ ಹೋಗಿ, ಮತ್ತೆ ಕಚೇರಿಯ ಕನ್ನಡಕ್ಕೆ ಮರಳುವಾಗ ಒಂದು ದೀರ್ಘ ಸೇರಿ ಅಥವಾ ಕಳಚಿ ಬಂದಿರುತ್ತದೆ.

ನಿಮ್ಮೆಲ್ಲರಿಗೂ ಗೊತ್ತಿರುವ ಉದಾಹರಣೆ ದೋಣಿಗಾಲ್. ರೈಲುನಿಲ್ದಾಣವೂ ಹೌದು, ಹೆದ್ದಾರಿಯ ಪಕ್ಕದ ಊರೂ ಹೌದು. ಕೆಲವರು ದೋಣಿಗಲ್ ಎನ್ನುತ್ತಾರೆ, ಪತ್ರಿಕೆಗಳು ಹೆಚ್ಚಾಗಿ ದೋಣಿಗಾಲ್ ಎಂದು ಬರೆಯುತ್ತವೆ. ದೋಣಿ ಎಂದರೆ ಹೊಳೆ ದಾಟಿಸುವ ದೋಣಿ ಒಂದೇ ಅಲ್ಲ. ದನಕರುಗಳಿಗೆ ನೀರು ತುಂಬಿಡುವ ಕಲ್ಲುದೋಣಿಯೂ ದೋಣಿಯೇ, ಬಂಡೆಯ ಬಿರುಕಿನಲ್ಲಿ ನೀರು ನಿಲ್ಲುವ ಜಾಗಕ್ಕೆ ದೊಣೆ ಎನ್ನುತ್ತಾರೆ. ಕಡೆಯಲ್ಲಿರುವುದು ಕಲ್ ಆದರೆ ದೋಣಿಯಂತೆ ಕೆತ್ತಿದ ಅಥವಾ ದೋಣಿಯಂತೆ ಸವೆದ ಕಲ್ಲಿನ ಊರು. ಕಾಲ್ ಆದರೆ ನೀರಿನ ದಾರಿಯ ಊರು. ಒಂದು ದೀರ್ಘದ ಗೆರೆಯಲ್ಲಿ ಇಡೀ ಊರಿನ ಹಿಂದಿನ ಕಥೆ ಹೊರಳುತ್ತದೆ. ಅದಕ್ಕೇ ನಾನು ಹೊಸಬರಿಗೆ ಹೇಳುತ್ತಿದ್ದದ್ದು: ಹೆಸರನ್ನು ನಕ್ಷೆಯಿಂದ ಓದಬೇಡಿ, ಆ ಊರಿನ ಎಂಬತ್ತು ದಾಟಿದ ಅಜ್ಜಿಯ ಬಾಯಿಂದ ಕೇಳಿ. ಅಜ್ಜಿ ಬೋರ್ಡು ಓದಿ ಮಾತು ಕಲಿತವಳಲ್ಲ.

ಕಿವಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಟಿಪ್ಪು ಸುಲ್ತಾನ 1792ರಲ್ಲಿ ಎಂಟು ಮೂಲೆಯ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಮಂಜರ್ ಎಂದರೆ ಪಾರಸಿಯಲ್ಲಿ ನೋಟ, ದೃಶ್ಯ. ಆದರೆ ಜೂನ್ ತಿಂಗಳಲ್ಲಿ ಅಲ್ಲಿ ನಿಂತ ಯಾವ ಕನ್ನಡಿಗನಿಗೆ ಮಂಜರಾಬಾದಿನಲ್ಲಿ ಮಂಜು ಕೇಳಿಸದೆ ಇದ್ದೀತು? ಜನ ತಮಗೆ ತಿಳಿದ ಅರ್ಥವನ್ನು ಹೆಸರಿಗೆ ತುಂಬುತ್ತಾರೆ. ಅದು ತಪ್ಪಲ್ಲ, ಹೆಸರು ಬದುಕಿ ಉಳಿಯುವ ದಾರಿಯೇ ಅದು. ಹುಡುಕುವವನು ಮಾತ್ರ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು.

ಈಗ ಕಬ್ಬಿನಾಲೆಗೆ ಬರುತ್ತೇನೆ. ಇದು ಕಲ್ಲುಗಣಿಯ ಮಾತಲ್ಲ, ಆದರೂ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು; ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಘಟ್ಟ ಇಳಿಯುವ ಕೆಂಪುಹೊಳೆಯ ಕಡೆ ಈ ಹೆಸರಿನ ಕಾಯ್ದಿಟ್ಟ ಕಾಡಿದೆ. ಉಡುಪಿ ಜಿಲ್ಲೆಯ ಹೆಬ್ರಿಯ ಕಡೆಯೂ ಒಂದು ಕಬ್ಬಿನಾಲೆ ಇದೆ. ಕೇಳಿದ ಕೂಡಲೇ ಅರ್ಥ ಹೊಳೆಯುತ್ತದೆ: ಕಬ್ಬಿನ ಆಲೆ, ಕಬ್ಬು ಅರೆಯುವ ಆಲೆಮನೆ. ಆದರೆ ಹಳಗನ್ನಡದಲ್ಲಿ ಕಬ್ಬಿಗೆ ಕರ್ಬು, ಕಬ್ಬಿಣಕ್ಕೆ ಕರ್ಬುನ. ಕರ್ಪು ಎಂಬುದು ಕಪ್ಪು ಆದ ಹಾಗೆ ಕರ್ಬು ಕಬ್ಬಾಯಿತು, ಕರ್ಬುನ ಕಬ್ಬುನವಾಗಿ ಕಬ್ಬಿಣವಾಯಿತು. ಎರಡು ಬೇರೆ ವಸ್ತುಗಳು ಒಂದೇ ಬಾಗಿಲಿನಲ್ಲಿ ಬಂದು ನಿಂತಿವೆ. ಒಂದು ಸಿಹಿ, ಒಂದು ಲೋಹ. ಹೆಸರನ್ನು ಎಷ್ಟು ಹಿಂಡಿದರೂ ಅದರಿಂದಲೇ ತೀರ್ಮಾನ ಸಿಗುವುದಿಲ್ಲ.

ತೀರ್ಮಾನ ನೆಲದ ಮೇಲಿದೆ. ಆಲೆಯಾಗಿದ್ದರೆ ಹತ್ತಿರದಲ್ಲಿ ನೀರು ಕಟ್ಟಿದ ಬಯಲುಗದ್ದೆ ಇದ್ದಿರಬೇಕು, ಬೆಲ್ಲದ ಒಲೆಯ ಬೂದಿ, ಸುಟ್ಟ ಮಣ್ಣು ಇರಬೇಕು. ಕಬ್ಬಿಣ ಕರಗಿಸಿದ ಜಾಗವಾಗಿದ್ದರೆ ಕಿಟ್ಟ ಇರಬೇಕು. ಕಿಟ್ಟವನ್ನು ಒಮ್ಮೆ ಕೈಯಲ್ಲಿ ಹಿಡಿದವರು ಮರೆಯುವುದಿಲ್ಲ: ಕಪ್ಪಗೆ, ಗುಳ್ಳೆಗುಳ್ಳೆಯಾಗಿ, ನೋಡಿದ್ದಕ್ಕಿಂತ ಭಾರವಾಗಿ ಇರುತ್ತದೆ. ಅದು ಕೊಳೆಯುವುದಿಲ್ಲ, ಕಾಡು ಬೆಳೆದರೂ ಮಣ್ಣಿನಡಿ ಹಾಗೇ ಇರುತ್ತದೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆ ಸುತ್ತಿದಾಗ, ಹೊಳೆಗಳು ತಂದು ಹಾಕುವ ಕಪ್ಪು ಮರಳಿನಿಂದ ಹಳ್ಳಿಯ ಕುಲುಮೆಗಳಲ್ಲಿ ಕಬ್ಬಿಣ ತೆಗೆಯುತ್ತಿದ್ದದ್ದನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಹಾಗಾಗಿ ಕಾಡಿನ ನಡುವೆ ಕಬ್ಬಿಣದ ಹೆಸರು ಇರುವುದು ಅಸಂಭವವಲ್ಲ. ಅಸಂಭವವಲ್ಲ ಎಂದರೆ ಸಾಬೀತಾಯಿತು ಎಂದಲ್ಲ. ಈ ಎರಡರ ನಡುವಿನ ದೂರವನ್ನು ನಡೆದೇ ದಾಟಬೇಕು.

ಅದೇ ಘಟ್ಟದ ಇನ್ನೊಂದು ಹೆಸರು ಇಷ್ಟು ಕಷ್ಟ ಕೊಡುವುದಿಲ್ಲ. ಎಡಕುಮೇರಿ, ಕಂಚನಕುಮೇರಿ ಇವುಗಳ ಕೊನೆಯಲ್ಲಿರುವುದು ಕುಮರಿ: ಕಾಡು ಕಡಿದು ಸುಟ್ಟು, ಒಂದೆರಡು ಬೆಳೆ ತೆಗೆದು, ಮತ್ತೆ ಕಾಡಿಗೆ ಬಿಡುವ ಬೇಸಾಯ. ಬೇಸಾಯ ನಿಂತು ಎಷ್ಟೋ ತಲೆಮಾರಾಯಿತು, ಇವತ್ತು ಅಲ್ಲಿ ದಟ್ಟ ಕಾಡು. ಹೆಸರು ಮಾತ್ರ ಅಲ್ಲೊಮ್ಮೆ ಹೊಗೆ ಎದ್ದಿತ್ತು ಎಂದು ಸಾಕ್ಷಿ ನುಡಿಯುತ್ತಿದೆ. ಹೆಸರಿನ ಮೇಲೆ ನನಗಿರುವ ನಂಬಿಕೆಗೆ ಆಧಾರ ಇಂಥವು.

ಸ್ಥಳನಾಮಗಳ ಈ ಶಕ್ತಿಯನ್ನು ಕನ್ನಡಕ್ಕೆ ಮೊದಲು ತೋರಿಸಿಕೊಟ್ಟವರಲ್ಲಿ ಶಂಬಾ ಜೋಶಿಯವರು ದೊಡ್ಡವರು. ದೇ. ಜವರೇಗೌಡರು ಮೈಸೂರು ಜಿಲ್ಲೆಯ ಊರಹೆಸರುಗಳನ್ನು ಒಂದೊಂದಾಗಿ ಹಿಡಿದು ಅಭ್ಯಾಸ ಮಾಡಿದರು. ಹಾಸನದ ಬೆಟ್ಟಸೀಮೆಗೆ ಅಂಥ ಕೆಲಸ ಇನ್ನೂ ಆಗಬೇಕು. ಅದೂ ಊರಿನ ಹೆಸರಿಗೇ ನಿಲ್ಲಬಾರದು. ಊರಿನ ಹೆಸರು ಶಾಸನದಲ್ಲಿ, ಪಹಣಿಯಲ್ಲಿ, ಮತಪಟ್ಟಿಯಲ್ಲಿ ಹೇಗೋ ಉಳಿಯುತ್ತದೆ. ಗದ್ದೆಯ, ಬಾಣೆಯ, ಹಳ್ಳದ, ಕಾನಿನ ಹೆಸರು ಬಾಯಲ್ಲಿ ಮಾತ್ರ ಇರುತ್ತದೆ. ಕಲ್ಲು ತೆಗೆದವರ ನೆನಪು ಇರುವುದು ಈ ಸಣ್ಣ ಹೆಸರುಗಳಲ್ಲೇ.

ಯಾವ ಕಲ್ಲು ಎಲ್ಲಿ ಸಿಕ್ಕೀತು ಎಂಬುದಕ್ಕೆ ಭೂವಿಜ್ಞಾನದ ನಕ್ಷೆಯನ್ನು ಮೊದಲೇ ನೋಡಿಬಿಡಬೇಕು. ಹೊಯ್ಸಳ ಗುಡಿ ಎಂದೊಡನೆ ನಮಗೆ ಬಳಪದ ಕಲ್ಲು ನೆನಪಾಗುತ್ತದೆ. ಬೇಲೂರಿನ ಚೆನ್ನಕೇಶವ 1117ರದು, ಹಳೇಬೀಡಿನ ಹೊಯ್ಸಳೇಶ್ವರ 1121ರ ಹೊತ್ತಿಗೆ ಆರಂಭವಾದದ್ದು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಬೇಲೂರಿನ ಕಲ್ಲಿನ ಮೇಲೆ ಹೆಸರು ಕೊರೆದು ಹೋಗಿದ್ದಾರೆ. ಅವರ ಉಳಿಗೆ ಅಷ್ಟು ನಯವಾಗಿ ಒಲಿದದ್ದು ಕ್ಲೋರೈಟು, ಟಾಲ್ಕು ತುಂಬಿದ ಮೆದು ಕಲ್ಲು. ನಮ್ಮ ಅಜ್ಜಿಯರು ಉಪ್ಪಿನಕಾಯಿ ಹಾಕಿಡುತ್ತಿದ್ದ ಕಲ್ಮರಿಗೆಯೂ, ನಾವು ಶಾಲೆಯಲ್ಲಿ ಸ್ಲೇಟಿನ ಮೇಲೆ ಗೀಚಿದ ಬಳಪವೂ ಇದರ ಬಳಗದವೇ. ಆ ಸ್ಲೇಟು ಮಾತ್ರ ನಮ್ಮದಲ್ಲ, ಆಂಧ್ರದ ಮಾರ್ಕಾಪುರ ಅದಕ್ಕೆ ಹೆಸರಾದ ಊರು. ಮೆದು ಕಲ್ಲು ಹುಟ್ಟುವುದು ಶಿಸ್ಟ್ ಪಟ್ಟಿಗಳಲ್ಲಿ. ನುಗ್ಗೇಹಳ್ಳಿ, ಹೊಳೆನರಸೀಪುರದ ಪಟ್ಟಿಗಳು ಇರುವುದು ನಮ್ಮ ಬೆಟ್ಟಗಳ ಪೂರ್ವಕ್ಕೆ. ನಮ್ಮ ಕಾಲಡಿ ಇರುವುದು ಹೆಚ್ಚಾಗಿ ನೈಸ್: ಬಿಳಿ-ಕಪ್ಪು ಪಟ್ಟೆಯ, ಉಳಿಗೆ ಕಿಡಿ ಹಾರಿಸುವ ಗಟ್ಟಿ ಶಿಲೆ. ಗೊರೂರಿನ ಸುತ್ತಲಿನ ನೈಸ್ 300 ಕೋಟಿ ವರ್ಷಕ್ಕೂ ಹಳೆಯದು. ಆದ್ದರಿಂದ ಈ ಬೆಟ್ಟಗಳಲ್ಲಿ ಬಳಪದ ಹೆಸರಿನ ಜಾಗ ಸಿಕ್ಕರೆ ಹಿಗ್ಗುವ ಮೊದಲು ಅನುಮಾನಪಡಬೇಕು. ಬಿಸಿಲೆ ಘಟ್ಟ ಇಳಿದು ಸುಬ್ರಹ್ಮಣ್ಯ ದಾಟಿದರೆ ಬಳ್ಪ ಎಂಬ ಊರು ಸಿಗುತ್ತದೆ. ಹೆಸರು ಕಿವಿಗೆ ಬಿದ್ದ ಕೂಡಲೇ ನಮ್ಮ ಕಡೆಯವರಿಗೆ ಬಳಪದ ಕಲ್ಲು ಕಣ್ಮುಂದೆ ಬರುತ್ತದೆ. ಅದು ತುಳುವಿನ ನೆಲ. ತುಳುವರ ಬಾಯಲ್ಲಿ ಆ ಹೆಸರು ಹೇಗಿದೆ ಎಂದು ಕೇಳದೆ ನಮ್ಮ ಅರ್ಥವನ್ನು ಅಲ್ಲಿಗೆ ಹೊರಿಸಿಕೊಂಡು ಹೋಗಬಾರದು.

ನಮ್ಮ ಬೆಟ್ಟಗಳಲ್ಲಿ ಹುಡುಕಬೇಕಾದ ಮಾತುಗಳು ಬೇರೆ. ಅರೆ ಅವುಗಳಲ್ಲಿ ಮುಖ್ಯವಾದದ್ದು. ಅರೆ ಎಂದರೆ ನೆಲಕ್ಕೆ ಸಮವಾಗಿ ಹಾಸಿಕೊಂಡ ಬಂಡೆ. ಕಲ್ಲುಕುಟಿಗನಿಗೆ ಅದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ, ಚಪ್ಪಡಿ ಏಳುವುದೇ ಅಲ್ಲಿ. ಆದರೆ ಅರೆ ಎಂದರೆ ಅರ್ಧವೂ ಹೌದು, ಹಾಗಾಗಿ ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಹೆಸರನ್ನು ಕಂಡಾಗ ಸುತ್ತ ಅರೆ ಇದೆಯೇ ಎಂದು ಕಾಲಿನಿಂದ ನೋಡಿಯೇ ಹೇಳಬೇಕು. ಮೊರಡಿ ಎಂದರೆ ಕಲ್ಲುಗುಡ್ಡ. ಹೊಯ್ಸಳರ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ಮೊರಡಿ, ಅರೆ, ನಟ್ಟ ಕಲ್ಲು, ಹುತ್ತ, ಮರ, ಕೆರೆಕೋಡಿಗಳು ಸಾಲುಸಾಲಾಗಿ ಬರುತ್ತವೆ. ಆ ಎಲ್ಲೆಯ ಸಾಲುಗಳು ಎಂಟುನೂರು ವರ್ಷ ಹಿಂದಿನ ಟಿಪ್ಪಣಿ ಪುಸ್ತಕವೇ ಸರಿ. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟದಲ್ಲಿ ಸಕಲೇಶಪುರದ ಶಾಸನಗಳು ಮಂಜರಾಬಾದ್ ತಾಲ್ಲೂಕು ಎಂಬ ತಲೆಬರಹದಡಿ ಇವೆ. ಊರಹೆಸರಿನ ಹಳೆಯ ರೂಪ ಬೇಕಾದವರು ಮೊದಲು ತಟ್ಟಬೇಕಾದ ಬಾಗಿಲು ಅದು.

ಆಮೇಲೆ ಗ್ರಾಮನಕ್ಷೆ, ಟಿಪ್ಪಣಿ, ಆಕಾರಬಂದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಆರಂಭವಾಯಿತು. ಆ ಕಾಲದ ಅಳತೆಗಾರರು ಸಾಗುವಳಿಗೆ ಬಾರದ ಚೂರನ್ನು ಖರಾಬು ಎಂದು ಬೇರ್ಪಡಿಸಿ ಗುಂಟೆ ಕಳೆದು ಬರೆದಿದ್ದಾರೆ. ನನ್ನ ಅನುಭವದಲ್ಲಿ ಕಲ್ಲುಗಣಿ ಅಡಗಿ ಕೂತಿರುವುದು ಈ ಖರಾಬಿನಲ್ಲಿ. ಒಳ್ಳೆಯ ಹಿಡುವಳಿಯ ನಡುವೆ, ಇಳಿಜಾರಿನಲ್ಲಿ, ನಾಲ್ಕೈದು ಗುಂಟೆಯ ಸೊಟ್ಟ ಆಕಾರದ ಖರಾಬು ಕಂಡರೆ ನನ್ನ ಬೆರಳು ತಾನಾಗಿ ಅಲ್ಲಿ ನಿಲ್ಲುತ್ತದೆ. ಹಳ್ಳದ ಖರಾಬು ಹಾವಿನಂತೆ ಉದ್ದಕ್ಕಿರುತ್ತದೆ, ದಾರಿಯ ಖರಾಬು ಪಟ್ಟಿಯಂತಿರುತ್ತದೆ, ಸ್ಮಶಾನ ಬಹುಮಟ್ಟಿಗೆ ಚೌಕ. ಗಣಿಯ ಖರಾಬಿಗೆ ಒಂದು ಕಡೆ ಬಾಯಿ, ಮೂರು ಕಡೆ ಗೋಡೆ. ಪಕ್ಕದಲ್ಲಿ ಗಾಡಿದಾರಿ ಇದ್ದರೆ, ಆ ದಾರಿ ಇನ್ನೆಲ್ಲಿಗೂ ಹೋಗದೆ ಅಲ್ಲೇ ಮುಗಿದರೆ, ಇನ್ನು ಕುಳಿತಿರಬಾರದು, ಎದ್ದು ಹೊರಡಬೇಕು. ಈಗ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಫೋನಿನಲ್ಲೇ ಕಾಣುತ್ತದೆ. ನಮ್ಮ ಕಾಲದಲ್ಲಿ ಬಾಂದುಕಲ್ಲು ಹುಡುಕುವುದಕ್ಕೇ ಅರ್ಧ ದಿನ ಹೋಗುತ್ತಿತ್ತು.

ಉಪಗ್ರಹದ ಚಿತ್ರ ಇರುವಾಗ ಇಷ್ಟೆಲ್ಲ ಯಾಕೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಬಯಲುಸೀಮೆಯಲ್ಲಾದರೆ ಅವನ ಮಾತು ಸರಿ. ಅರಸೀಕೆರೆಯ ಕಡೆ ಬೋಳು ಗುಡ್ಡದ ಗಾಯ ಆಕಾಶದಿಂದಲೇ ಕಾಣುತ್ತದೆ. ಇಲ್ಲಿ ಮೇಲಿನಿಂದ ನೋಡಿದರೆ ಸಿಲ್ವರ್ ಓಕ್, ಹಲಸು, ಅತ್ತಿ, ಅದರಡಿ ಕಾಫಿ, ಅದರಡಿ ಕಾಫಿ ಎಲೆಯ ಹಾಸು. ಮಳೆನೀರು ನಿಂತ ಹಳೆಯ ಗುಂಡಿಯನ್ನು ತೋಟದವರು ಕೆರೆ ಮಾಡಿಕೊಂಡಿರುತ್ತಾರೆ, ಮೋಟಾರು ಇಟ್ಟಿರುತ್ತಾರೆ. ಮೇಲಿನ ಕಣ್ಣಿಗೆ ಅದು ಕೃಷಿಹೊಂಡ. ಅದು ಗಣಿಯಾಗಿತ್ತು ಎಂದು ಹೇಳುವುದು ಹೆಸರೊಂದೇ.

ಜಾಗಕ್ಕೆ ಹೋದ ಮೇಲೆ ನೋಡಬೇಕಾದದ್ದು ಬೆಣೆಗುಳಿಗಳ ಸಾಲು. ಗೇಣುಗೇಣಿಗೆ ಚಾಣದಿಂದ ಗುಳಿ ತೋಡಿ, ಬೆಣೆ ಇಟ್ಟು, ಒಂದರ ನಂತರ ಒಂದಕ್ಕೆ ಸುತ್ತಿಗೆಯ ಪೆಟ್ಟು ಕೊಟ್ಟರೆ ಬಂಡೆ ಗೆರೆ ಎಳೆದಂತೆ ಸೀಳುತ್ತದೆ. ಸೀಳಿ ಹೋದ ಮುಖದ ಮೇಲೆ ಅರ್ಧ ಗುಳಿಗಳು ಹಲ್ಲಿನ ಸಾಲಿನಂತೆ ಉಳಿಯುತ್ತವೆ. ಅರೆಯ ಮೇಲೆ ಸೌದೆ ಉರಿಸಿ, ಕಾದ ಪದರ ಎದ್ದಮೇಲೆ ಚಪ್ಪಡಿ ತೆಗೆಯುವ ವಿದ್ಯೆ ಭೋವಿ ಮನೆತನಗಳಲ್ಲಿತ್ತು. ಅಂಥ ಕಡೆ ಗುಳಿ ಕಡಿಮೆ, ಕೆಂಪಗೆ ಬೆಂದ ಕಲ್ಲಿನ ಹೊಪ್ಪಳೆ ಹೆಚ್ಚು. ಉದ್ದನೆಯ ದುಂಡು ತೂತು ಕಂಡರೆ ಅದು ಸಿಡಿಮದ್ದಿನ ಕಾಲದ್ದು, ಹೊಸದು.

ಹೆಸರು, ಸುದ್ದಿ, ನಕ್ಷೆ ಮೂರೂ ಕೂಡಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ನಿದರ್ಶನ ಇದೆ. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯುತ್ತಿದ್ದ ಜಾನ್ ವಾರನ್ ಎಂಬ ಸರ್ವೆ ಅಧಿಕಾರಿ, ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಎಂಬ ಹಳ್ಳಿಯವರ ಮಾತನ್ನು ಕಿವಿಗೆ ಹಾಕಿಕೊಂಡು ಹೋಗಿ, ಮಾರಿಕುಪ್ಪದ ಹತ್ತಿರ ಹಳೆಯ ಗಣಿಕುಣಿಗಳನ್ನು ನೋಡಿದ. ಕೋಲಾರದ ಚಿನ್ನದ ಗಣಿಯ ಕಥೆ ಅಲ್ಲಿಂದ ಹೊರಟದ್ದು. ಹಳ್ಳಿಯವರಿಗೆ ಗೊತ್ತಿದ್ದದ್ದನ್ನು ಅವನು ಕೇಳಿದ, ಬರೆದ, ಅಷ್ಟೇ.

ಕೇಳುವುದಕ್ಕೆ ಜನ ಇರಬೇಕು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಶೆಟ್ಟಿಹಳ್ಳಿಯ ಇಗರ್ಜಿಯ ಗೋಡೆಗಳು ನೀರಿಳಿದಾಗ ತಲೆ ಎತ್ತುತ್ತವೆ, ಅದನ್ನು ನೋಡಲು ಬಸ್ಸು ತುಂಬ ಜನ ಹೋಗುತ್ತಾರೆ. ಮುಳುಗಿದ ಗದ್ದೆಬಯಲಿನ ಹೆಸರುಗಳು ತಲೆ ಎತ್ತುವುದಿಲ್ಲ. ಅಲ್ಲಿಂದ ಎದ್ದವರಿಗೆ ನಮ್ಮ ಸಕಲೇಶಪುರ, ಆಲೂರಿನ ಕಡೆ ಭೂಮಿ ಮೀಸಲಾಯಿತು. ಹಾಗೆ ಬಂದ ಮನೆಗಳ ಹಿರಿಯರು ಇನ್ನೂ ಕೆಲವರಿದ್ದಾರೆ. ತಮ್ಮ ಹಳೆಯ ಊರಿನ ಒಂದೊಂದು ಗದ್ದೆಯ ಹೆಸರನ್ನೂ ಅವರು ಹೇಳಬಲ್ಲರು, ಯಾವ ಗುಡ್ಡದಿಂದ ಕಲ್ಲು ತಂದು ಕೊಟ್ಟಿಗೆ ಕಟ್ಟಿದರೆಂದು ಹೇಳಬಲ್ಲರು. ದಯವಿಟ್ಟು ಈ ಬೇಸಿಗೆಯಲ್ಲೇ ಹೋಗಿ ಬರೆದುಕೊಳ್ಳಿ. ನನ್ನ ಬೇಡಿಕೆ ಇದೊಂದೇ.

ಇನ್ನೊಂದು ಸಂಗತಿ ಹೇಳಿ ಕೂರುತ್ತೇನೆ. ನೌಕರಿಗೆ ಸೇರಿದ ಹೊಸದರಲ್ಲಿ ಆಲೂರು ತಾಲ್ಲೂಕಿನ ಒಂದು ಬೆಟ್ಟದೂರಿಗೆ ಪೋಡಿ ಅಳತೆಗೆ ಹೋಗಿದ್ದೆ. ಅಣ್ಣತಮ್ಮಂದಿರ ಭಾಗ. ನಡುವೆ ಐದು ಗುಂಟೆ ಖರಾಬು. ಜಾಗದ ಹೆಸರು ಕೇಳಿದೆ, ದೊಡ್ಡವನು ಏನೋ ಅಂದ, ನಾನು 'ಒಳಕಾಲು' ಎಂದು ಬರೆದುಕೊಂಡೆ. ಹತ್ತಿರ ನೀರಿನ ಜಾಡೂ ಇತ್ತು, ಒಳಗಿನ ಕಾಲುವೆ ಇರಬೇಕು ಅಂದುಕೊಂಡೆ. ನಕ್ಷೆ ಆಯಿತು, ಸಹಿ ಆಯಿತು, ಮರೆತೂ ಹೋಯಿತು. ನಿವೃತ್ತಿಯ ನಂತರ ಹೆಸರು ಬರೆಯುತ್ತಾ ಅದೇ ಊರಿಗೆ ಹೋದಾಗ ಆ ಮನೆಯ ಅಜ್ಜಿ ಹಿತ್ತಲಲ್ಲಿ ರುಬ್ಬುತ್ತಾ ಕೂತಿದ್ದರು. ಈ ಒರಳು ಎಲ್ಲಿಯದು ಅಜ್ಜಿ ಎಂದೆ. 'ಇನ್ನೆಲ್ಲಿದು, ನಮ್ಮ ಒಳ್ಕಲ್ ಗುಂಡೀದು. ನಮ್ಮತ್ತೆ ಮದುವೆಯಾಗಿ ಬಂದ ವರ್ಷ ಅಲ್ಲಿ ಕಡೆಸಿದ್ರಂತೆ' ಎಂದರು.

ಒಳಕಾಲಲ್ಲ, ಒಳ್ಕಲ್. ಒರಳುಕಲ್ಲು. ಬರೆದ ಕೈ ನನ್ನದೇ.

ಮೊಮ್ಮಗ ಕತ್ತಿ ಹಿಡಿದು ದಾರಿ ಬಿಡಿಸಿದ. ಲಂಟಾನ ಸವರಿ ಒಳಗೆ ಹೋದರೆ ಎದೆಯೆತ್ತರದ ಬಂಡೆಯ ಮುಖ, ಅದರ ಮೇಲೆ ಅರ್ಧ ಗುಳಿಗಳ ಸಾಲು, ಕೆಳಗೆ ಚಕ್ಕೆಗಳ ರಾಶಿ. ರಾಶಿಯ ಪಕ್ಕದಲ್ಲಿ ಒಂದು ಒರಳು, ಹೊರಮೈ ದುಂಡಗೆ ತೀಡಿ ಆಗಿತ್ತು, ಗುಳಿ ಅರ್ಧ ತೋಡಿತ್ತು, ಬಾಯಿಯ ಒಂದು ಕಡೆ ಬಿರುಕು. ಬಿರುಕು ಕಂಡ ದಿನವೇ ಕಲ್ಲುಕುಟಿಗ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕಿರಬೇಕು. ಗುಳಿಯಲ್ಲಿ ಮಳೆನೀರು, ನೀರಿನಲ್ಲಿ ಕಾಫಿ ಎಲೆ. ನಾನು ಕೂತು ಹಳೆಯ ನಕ್ಷೆಯ ಪ್ರತಿಯಲ್ಲಿ ದೀರ್ಘ ಹೊಡೆದುಹಾಕಿ, ಪಕ್ಕದಲ್ಲಿ ಅಜ್ಜಿ ಅಂದಂತೆ ಬರೆದೆ.